ಬಿಡದ ಬಟನ್

ಕೋವಿಡ್ ಕಳೆದ ಮೇಲೆ ನಾನು ಪೈಲಟ್ ಲೈಸೆನ್ಸ್ ಪಡೆದೆ. ಮಾರಿಸ್‌ವಿಲ್‌ನ ನಮ್ಮ ಮನೆಯಿಂದ ಕಮ್ಮಿಂಗ್‌ನಲ್ಲಿರುವ ಅಕ್ಕನ ಮನೆಗೆ ಕಾರಿನಲ್ಲಿ ಹೊರಟರೆ ದಿನವೇ ಹಾಳು. ಬಾಡಿಗೆಯ ಪುಟ್ಟ ವಿಮಾನದಲ್ಲಾದರೆ ಊಟದ ಹೊತ್ತಿಗೆ ಅಲ್ಲಿರುತ್ತಿದ್ದೆವು. ಇಳಿಯುತ್ತಿದ್ದುದು ಅಟ್ಲಾಂಟಾದ ಉತ್ತರಕ್ಕೆ, ಕಂಟ್ರೋಲ್ ಟವರ್ ಇಲ್ಲದ ಒಂದು ಸಣ್ಣ ಏರ್‌ಪೋರ್ಟಿನಲ್ಲಿ. ಅಲ್ಲಿ ಪೈಲಟ್‌ಗಳು ತಾವೆಲ್ಲಿದ್ದೇವೆಂದು ಒಂದೇ ಫ್ರೀಕ್ವೆನ್ಸಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಪಾರ್ಕಿಂಗ್, ಇಂಧನ ನೋಡಿಕೊಳ್ಳುವ ಆಫೀಸಿನವರು ಉತ್ತರಿಸುವುದೂ ಅದರಲ್ಲೇ. ಆ ದನಿ ವಯಸ್ಸಾದ ಒಬ್ಬ ಹೆಂಗಸಿನದು. ಎಲ್ಲ ಪೈಲಟ್‌ಗಳನ್ನೂ ಆಕೆ ‘ಹನೀ’ ಎಂದೇ ಕರೆಯುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಏರ್‌ಪೋರ್ಟ್ ಹತ್ತಿರವಾದಾಗ ಪಾರ್ಕಿಂಗ್ ಮತ್ತು ಫ್ಯೂಯೆಲ್ ಬೇಕೆಂದು ರೇಡಿಯೋದಲ್ಲಿ ಕೇಳಿದೆ. ಸ್ವಲ್ಪ ತಡೆದು ಉತ್ತರ ಬಂತು.

“ಮೇಜಿನ ಮೇಲೆ ನಿಲ್ಲಿಸು, ಹನೀ. ನೀಲಿ ಮೇಜು.”

ನಾನು ನಕ್ಕು, ಇನ್ನೊಮ್ಮೆ ಹೇಳಿ ಎಂದೆ.

“ಬಾಗಿಲು ತೊಳೆದು ಬಾ. ಗುರುವಾರ... ಗುರುವಾರ ಎಡಗಡೆ.”

ದನಿ ತೊದಲುತ್ತಿರಲಿಲ್ಲ. ಅದೇ ಅಕ್ಕರೆ, ಅದೇ ರಾಗ. ಮಾತಿಗೆ ಮಾತ್ರ ಅರ್ಥವಿರಲಿಲ್ಲ.

ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ನನ್ನ ಗಂಡ ನೆಟ್ಟಗಾದರು. ಅವರು ಹುಬ್ಬಳ್ಳಿಯವರು, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರು.

“ಆಕೀನ ಇನ್ನೊಮ್ಮೆ ಮಾತಾಡ್ಸು. ಸಣ್ಣ ಪ್ರಶ್ನೆ ಕೇಳು.”

“ಯಾಕ್ರೀ? ನಿದ್ದೆಗಣ್ಣಲ್ಲಿರ್ಬೇಕು.”

“ನಿದ್ದಿ ಅಲ್ಲ ಇದು. ಕೇಳು.”

ಯಾವ ರನ್‌ವೇ ಬಳಕೆಯಲ್ಲಿದೆ ಎಂದು ಕೇಳಿದೆ. ರೇಡಿಯೋ ತೆರೆದುಕೊಂಡಿತು. ಮಾತು ಬರಲಿಲ್ಲ, ಉಸಿರಾಟ ಬಂತು. ಆಕೆಯ ಹಿಂದೆಲ್ಲೋ ಆಫೀಸಿನ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮೈಕಿನ ಬಟನ್ ಒತ್ತಿದವರು ಬಿಡುವ ತನಕ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರ ಮಾತೂ ಕೇಳಿಸದು. ಆಕೆ ಬಿಡಲಿಲ್ಲ.

“ಸ್ಟ್ರೋಕ್ ಆಗ್ಯದ,” ಎಂದರು ಗಂಡ. “ಆ್ಯಂಬುಲೆನ್ಸ್ ಕಳಸ್ಲಿಕ್ಕೆ ಹೇಳು ಯಾರಿಗರೆ.”

ಫ್ರೀಕ್ವೆನ್ಸಿ ಬದಲಿಸಿ, ಆ ಪ್ರದೇಶದ ವಿಮಾನಗಳನ್ನು ರಾಡಾರಿನಲ್ಲಿ ನೋಡುವ ಕಂಟ್ರೋಲರನಿಗೆ ವಿಷಯ ತಿಳಿಸಿದೆ.

“ನೀವು ಆಕೆಯನ್ನ ನೋಡಿದಿರಾ?” ಎಂದು ಕೇಳಿದ.

“ಇಲ್ಲ. ಕೇಳಿಸಿಕೊಂಡೆ. ಪಕ್ಕದಲ್ಲಿ ಡಾಕ್ಟರ್ ಇದ್ದಾರೆ.”

“ಕಳಿಸ್ತೀನಿ. ಅಲ್ಲಿ ಇನ್ನೂ ಎರಡು ವಿಮಾನ ಸುತ್ತುತ್ತಿವೆ. ಅವು ನನ್ನ ಜೊತೆ ಮಾತಾಡ್ತಾ ಇಲ್ಲ. ಕಣ್ಣಲ್ಲೇ ನೋಡ್ಕೊಂಡು ಇಳೀರಿ.”

ಹಳೆಯ ಫ್ರೀಕ್ವೆನ್ಸಿಗೆ ಮರಳಿದೆ. ಕಿವಿಯಲ್ಲಿ ಮತ್ತೆ ಆ ಉಸಿರು. ನಾವು ಕುರುಡರಂತೆ ಅಲ್ಲ, ಕಿವುಡರಂತೆ ಇಳಿಯತೊಡಗಿದೆವು.

“ಕೆಳಗ! ಕೆಳಗ ನೋಡು!” ಗಂಡ ಕೂಗಿದರು. ನಮ್ಮ ಮೂಗಿನಡಿಯೇ ಹಳದಿ ರೆಕ್ಕೆಯ ವಿಮಾನವೊಂದು ರನ್‌ವೇ ಕಡೆ ಜಾರುತ್ತಿತ್ತು. ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮೇಲೆದ್ದೆ. ಇನ್ನೊಂದು ಸುತ್ತು ಹಾಕಿ ಇಳಿದಾಗಲೂ ಆಕೆ ಉಸಿರಾಡುತ್ತಿದ್ದರು. ಎಂಜಿನ್, ರೇಡಿಯೋ ನಿಲ್ಲಿಸಿದಾಗ ಆ ಸದ್ದೂ ನಿಂತಿತು; ಅದರಿಂದ ಇನ್ನೂ ಭಯವಾಯಿತು.

ಇಂಧನ ತುಂಬುವವನು ವಿಮಾನ ನಿಲ್ಲಿಸುವ ದೂರದ ಹ್ಯಾಂಗರಿನಲ್ಲಿದ್ದ. ಆಫೀಸಿನಲ್ಲಿ ಆಕೆ ಒಬ್ಬರೇ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈಯಲ್ಲಿ ಮೈಕು ಹಿಡಿದಿದ್ದರು. ಬಲಗೈ ಜೋತುಬಿದ್ದಿತ್ತು, ತುಟಿಯ ಒಂದು ಬದಿ ಇಳಿದಿತ್ತು. ಗಂಡ ಮಂಡಿಯೂರಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಕೆ ಅವರನ್ನು ನೋಡಲಿಲ್ಲ, ನನ್ನನ್ನೇ ದಿಟ್ಟಿಸುತ್ತಿದ್ದರು. ಅಷ್ಟರಲ್ಲಿ ಸೈರನ್ ಕೇಳಿಸಿತು.

ಆಕೆ ಬದುಕಿಕೊಂಡರು. ಮುಂದಿನ ಚಳಿಗಾಲದಲ್ಲಿ ಕೆಲಸಕ್ಕೂ ಮರಳಿದರು, ಆದರೆ ರೇಡಿಯೋ ಮುಟ್ಟುವುದಿಲ್ಲ. ಒಮ್ಮೆ ನಾನೇ ಕೇಳಿದೆ, ಆ ದಿನ ನನ್ನ ಮಾತು ಕೇಳಿಸುತ್ತಿತ್ತೇ ಎಂದು.

“ಕೇಳಿಸ್ತಿತ್ತು,” ಎಂದರು ನಿಧಾನವಾಗಿ. “ನಾನು ಸರಿಯಾಗೇ ಉತ್ತರ ಕೊಡ್ತಿದ್ದೆ. ನೀನೇ ಏನೇನೋ ಬಡಬಡಿಸ್ತಾ ಇದ್ದೆ, ಹನೀ. ಮೇಲೆ ನಿನಗೇನೋ ಆಗ್ತಿದೆ ಅಂತ ಹೆದರ್ಕೊಂಡೆ. ನನ್ನ ದನಿ ನಿನಗೆ ತಪ್ಪಬಾರದು ಅಂತ ಮಾತಾಡ್ತಾನೇ ಇದ್ದೆ, ಬಟನ್ ಬಿಡಲೇ ಇಲ್ಲ.”