ಬುಟ್ಟಿ ಮುದುಕಿಯ ಹೆಸರು

ಪೋರ್ಟ್‌ಗ್ಯಾರಿಯ ಬಂದರಿನಲ್ಲಿ ನಿಂತು ‘ಸ್ಲೇಟರ್’ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಉಳಿದರ್ಧಕ್ಕೆ ಕಿವಿ ಕೇಳುವುದಿಲ್ಲ, ಅಷ್ಟೇ. ಸ್ಲೇಟರ್‌ಗಳು ಸ್ಲೇಟರ್‌ಗಳನ್ನೇ ಮದುವೆಯಾಗಿ, ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರನ್ನೇ ಇಟ್ಟು, ಒಂದೇ ಬೀದಿಯಲ್ಲಿ ನಾಲ್ಕು ಜನ ಜೇಮ್ಸ್ ಸ್ಲೇಟರ್ ಇದ್ದ ಕಾಲವೂ ಇತ್ತು. ಆದ್ದರಿಂದ ಮನೆಗೊಂದು ಅಡ್ಡಹೆಸರು. ಎಪಿ ಸ್ಲೇಟರ್‌ಳದು ‘ಬೋ’ ಮನೆ. ಎದುರು ಸಾಲಿನ ಡಾಡ್ ಸ್ಲೇಟರ್‌ನದು ‘ಪಮ್’ ಮನೆ. ಈ ಹೆಸರುಗಳು ಯಾಕೆ ಬಂದವೆಂದು ಯಾರಿಗೂ ಗೊತ್ತಿಲ್ಲ. ಎಪಿಗೂ ಗೊತ್ತಿಲ್ಲ, ಅವಳಿಗೆ ಗೊತ್ತಿಲ್ಲದ ಮೇಲೆ ಮುಗಿಯಿತು.

ಎಪಿಗೆ ಎಪ್ಪತ್ತು ದಾಟಿದೆ. ಮದುವೆಗೆ ಮುಂಚಿನಿಂದ ಪಿಂಚಣಿಯವರೆಗೂ ಮೀನಿಗೆ ಹೊಗೆ ಹಾಕುವ ಶೆಡ್ಡಿನಲ್ಲಿ ದುಡಿದವಳು. ಇವತ್ತಿಗೂ ಅವಳ ಕೋಟಿನ ತೋಳಿನಲ್ಲಿ ಆ ವಾಸನೆ ಇದೆಯೆಂದು ಸೊಸೆ ಐಲಿ ಮಗುವನ್ನು ಕೊಡುವ ಮುಂಚೆ ಕೋಟು ತೆಗೆಸುತ್ತಾಳೆ. ಗಂಡ ತೀರಿಕೊಂಡ ಮೇಲೆ ಎಪಿ ಹಿಡಿದ ಕೆಲಸ ಬೇರೆ: ಹಿರಿಯರನ್ನು ಹುಡುಕಿಕೊಡುವುದು. ಕೆನಡಾದಿಂದ, ನ್ಯೂಜಿಲೆಂಡಿನಿಂದ ಕೊಡೆ ಹಿಡಿದುಕೊಂಡು ಬರುವ ಸ್ಲೇಟರ್‌ಗಳನ್ನು ಅವಳು ಹಳೇ ಚರ್ಚಿನ ಸಮಾಧಿಗಳ ನಡುವೆ ಕರೆದೊಯ್ಯುತ್ತಾಳೆ. ಚೀಲದಲ್ಲಿ ಮೆತ್ತನೆ ಬ್ರಷ್ಷು, ಒಂದು ಬಾಟಲಿ ನೀರು, ಬಚ್ಚಲಿನ ಗೋಡೆಯಿಂದ ಬಿಚ್ಚಿ ತಂದ ಕನ್ನಡಿ. ಅಕ್ಷರ ಸವೆದ ಕಲ್ಲಿನ ಮೇಲೆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಬಿಟ್ಟರೆ, ಇಲ್ಲದ ಹೆಸರು ನೆರಳಾಗಿ ಎದ್ದು ನಿಲ್ಲುತ್ತದೆ. ಬಿಸಿಲು ಬರಬೇಕಷ್ಟೆ. ಅಲ್ಲಿ ಅದೇ ಕಷ್ಟ.

ಸಾವಿರದ ಎಂಟುನೂರ ಐವತ್ತೈದರಿಂದ ಈಚೆಗೆ ಯಾರು ಹುಟ್ಟಿದರು, ಯಾರು ಸತ್ತರು, ಸತ್ತವರ ಅಪ್ಪ ಅಮ್ಮ ಯಾರು ಎಲ್ಲವನ್ನೂ ಸರ್ಕಾರ ಬರೆದಿಟ್ಟಿದೆ. ಅದರ ಹಿಂದಕ್ಕೆ ಹೋಗುವುದೆಂದರೆ ಕಡಲ ಮಂಜಿನಲ್ಲಿ ದೋಣಿ ಬಿಟ್ಟ ಹಾಗೆ. ಆಗ ಬರೆಯುತ್ತಿದ್ದದ್ದು ಚರ್ಚಿನವರು, ಅದೂ ಕಾಸು ಕೊಟ್ಟರೆ.

“ದೇವರಿಗೆ ಗೊತ್ತಿದ್ದದ್ದನ್ನ ಪಾದ್ರಿಗೆ ಯಾಕೆ ದುಡ್ಡು ಕೊಟ್ಟು ಹೇಳ್ಬೇಕು ಅಂತ ನಮ್ಮೋರ ಲೆಕ್ಕ” ಎನ್ನುತ್ತಾನೆ ಡಾಡ್. ತನ್ನ ಮನೆತನದ ಜಿಪುಣತನವನ್ನು ಅವನು ಭಕ್ತಿ ಎಂದೇ ತಿಳಿದಿದ್ದಾನೆ.

ಬೇರೆಯವರ ಹಿರಿಯರನ್ನೆಲ್ಲ ಹುಡುಕಿಕೊಟ್ಟ ಎಪಿಗೆ ಬೇಕಾಗಿದ್ದದ್ದು ಒಬ್ಬಳೇ ಒಬ್ಬ ಮುದುಕಿ. ಅವಳ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಪಿಯ ಮುತ್ತಜ್ಜಿಯ ಅಜ್ಜಿ ಆನ್, ತವರೂ ಸ್ಲೇಟರ್, ಗಂಡನ ಮನೆಯೂ ಸ್ಲೇಟರ್. ಆನ್‌ಳ ಗಂಡ ಅಲೆಕ್ಸಾಂಡರ್ ದೋಣಿ ಸಮೇತ ಮುಳುಗಿಹೋದ. ಎರಡು ವರ್ಷದಲ್ಲಿ ಜ್ವರ ಬಂದು ಆನ್ ಕೂಡ ಹೋದಳು. ಮಕ್ಕಳನ್ನು ಸಾಕಿದ್ದು ಆನ್‌ಳ ತಾಯಿ. ಬೆನ್ನಿಗೆ ಮೀನಿನ ಬುಟ್ಟಿ ಕಟ್ಟಿಕೊಂಡು ಹೊಲಗಳ ಕಡೆಗೆ ನಡೆದು ಹೋಗಿ, ಮೀನು ಕೊಟ್ಟು ಓಟ್ಸ್ ಹಿಟ್ಟು ತಂದು, ಒಂದು ಮಗುವನ್ನೂ ಅನಾಥರ ಮನೆಗೆ ಬಿಡದೆ ಬೆಳೆಸಿದಳಂತೆ. “ಬುಟ್ಟಿ ಮುದುಕಿ ಇಲ್ದಿದ್ರೆ ನಾವ್ಯಾರೂ ಇಲ್ಲ” ಎಂದು ಎಪಿಯ ಅಮ್ಮ ರೊಟ್ಟಿ ಸುಡುತ್ತ ಹೇಳುತ್ತಿದ್ದಳು. “ಅವಳ ಹೆಸರೇನಮ್ಮ?” ಎಂದು ಕೇಳಿದರೆ, “ಬುಟ್ಟಿ ಮುದುಕಿ ಅಂದ್ನಲ್ಲ” ಎಂದೇ ಉತ್ತರ. ಆಕೆಗೊಂದು ಕಲ್ಲಿಲ್ಲ. ಆನ್ ಹುಟ್ಟಿದ್ದನ್ನು ಯಾರೂ ಬರೆಸಿಲ್ಲ. ಇಷ್ಟು ಜನರನ್ನು ಉಳಿಸಿದವಳಿಗೆ ಹೆಸರೇ ಇಲ್ಲವೆಂದರೆ ಎಪಿಗೆ ಬಾಲ್ಯದಿಂದಲೂ ಅದು ಒಪ್ಪಿಗೆಯಾಗುತ್ತಿರಲಿಲ್ಲ.

ಆದರೆ ಬರೆಯದ್ದನ್ನು ತಿಳಿಯಲು ಆ ಜನರಲ್ಲೇ ಒಂದು ದಾರಿ ಇದೆ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ಮೊದಲ ಹೆಣ್ಣುಮಗುವಿಗೆ ಅಮ್ಮನ ಅಮ್ಮನ ಹೆಸರು. ಎರಡನೆಯ ಹೆಣ್ಣಿಗೆ ಅಪ್ಪನ ಅಮ್ಮನದು, ಮೂರನೆಯದಕ್ಕೆ ಹೆತ್ತವಳದೇ. ಈ ಕ್ರಮ ತಪ್ಪಿಸಿದರೆ ಅಜ್ಜಿಯಂದಿರು ವರ್ಷಗಟ್ಟಲೆ ಮಾತು ಬಿಡುತ್ತಿದ್ದರು. ಚರ್ಚಿನ ಹಳೇ ರಿಜಿಸ್ಟರಿನಲ್ಲಿ ಅಲೆಕ್ಸಾಂಡರ್ ಮತ್ತು ಆನ್‌ರ ಮೊದಲ ಮಗಳು ಹೆಲೆನ್. ಹಾಗಾದರೆ ಆನ್‌ಳ ತಾಯಿಯೂ ಹೆಲೆನ್. ಸಮಾಧಿಗಳ ನಡುವೆ ‘ಜೇಮ್ಸ್ ಸ್ಲೇಟರನ ಹೆಂಡತಿ ಹೆಲೆನ್ ರನ್ಸಿ’ ಎಂದು ಅಲ್ಲಿಯ ರೂಢಿಯಂತೆ ತವರಿನ ಹೆಸರಿನ ಸಮೇತ ಕೆತ್ತಿದ ಕಲ್ಲು ಕಂಡ ದಿನ ಎಪಿ ಅದರ ಮುಂದೆ ಒದ್ದೆ ಹುಲ್ಲಿನಲ್ಲಿ ಕೂತುಬಿಟ್ಟಳು. ಆಮೇಲೆ ಪ್ರತಿ ವಸಂತದಲ್ಲಿ ಹಳದಿ ಹೂವು, ಪ್ರತಿ ಶರತ್ಕಾಲದಲ್ಲಿ ಬ್ರಷ್ಷು.

ಕಳೆದ ಚಳಿಗಾಲದ ಕೊನೆಗೆ ಎಪಿಯ ಮಗ ಗ್ರೆಗರ್‌ಗೆ ಹೆಣ್ಣುಮಗು ಹುಟ್ಟಿತು. ಗ್ರೆಗರ್ ಕಡಲಿನಲ್ಲಿ ಗಾಳಿಯಂತ್ರಗಳನ್ನು ರಿಪೇರಿ ಮಾಡಲು ಹೋಗುವವರ ದೋಣಿ ನಡೆಸುತ್ತಾನೆ. ಅವನಿಲ್ಲದ ವಾರಗಳಲ್ಲಿ ಎಡಿನ್‌ಬರೋದ ಹುಡುಗಿ ಐಲಿ ಮಗುವನ್ನು ಎತ್ತಿಕೊಂಡು ಅತ್ತೆಯ ಅಡುಗೆಮನೆಗೆ ಬಂದುಬಿಡುತ್ತಿದ್ದಳು. ಮಗು ಅತ್ತರೆ ಯಾಕೆ ಅತ್ತಿತು, ಅಳದಿದ್ದರೆ ಯಾಕೆ ಅಳಲಿಲ್ಲ. ಕಿಟಕಿಯಿಂದ ಗಾಳಿ ಬರುತ್ತಿದೆಯೇ, ಒಲೆಯ ಶಾಖ ಹೆಚ್ಚಾಯಿತೇ, ತೂಕ ನಾಲ್ಕು ದಿನದಿಂದ ನಿಂತಲ್ಲೇ ನಿಂತಿದೆಯಲ್ಲ. ಅವಳ ಫೋನು ಗಂಟೆಗೊಮ್ಮೆ ಕುಂಯ್ ಎಂದು ಎದೆಹಾಲಿನ ಸಮಯ ಹೇಳುತ್ತಿತ್ತು.

“ಅತ್ತೆ, ಗ್ರೆಗರ್ ಸಣ್ಣವನಿದ್ದಾಗ ಎಷ್ಟು ಸಲ ಕುಡೀತಿದ್ದ?”

“ಹಸಿವಾದಾಗ.”

“ನಂಬರು ಹೇಳಿ ಅತ್ತೆ!”

“ನಂಬರು ಹೇಳೋಕೆ ಅವನೇನು ಬಸ್ಸೇನೇ?”

ಹೆಸರಿನ ವಿಷಯ ಬಂದಾಗ ಕ್ರಮದ ಪ್ರಕಾರ ಐಲಿಯ ತಾಯಿಯ ಹೆಸರಿಡಬೇಕಿತ್ತು. ಆಕೆ ಫೋನಿನಲ್ಲೇ, “ನನ್ನ ಹೆಸರು ನನ್ನ ಜೊತೇಲೇ ಹೋಗ್ಲಿ, ಆ ಮಗೂಗೆ ಯಾಕೆ ಶಿಕ್ಷೆ” ಎಂದುಬಿಟ್ಟಳು. ಆಗ ಐಲಿ ಅತ್ತೆಯ ಕಡೆ ನೋಡಿ, “ನಿಮ್ಮ ಬುಟ್ಟಿ ಮುದುಕಿ ಹೆಸರಿಡೋಣ್ವಾ?” ಎಂದಳು. ಎಪಿ ಕೆಟಲಿಗೆ ನೀರು ತುಂಬುತ್ತಿದ್ದಳು. ನೀರು ತುಂಬಿ ಚೆಲ್ಲಿದರೂ ನಲ್ಲಿ ನಿಲ್ಲಿಸಲಿಲ್ಲ. ಹೆಲೆನ್. ಎಷ್ಟು ಚೆಂದದ ಹೆಸರು. ನಾಮಕರಣದವರೆಗೆ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಮಗುವಿಗೆ ಆಗುವುದಿಲ್ಲ ಎಂಬುದು ಊರಿನ ನಂಬಿಕೆ. ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಐಲಿ ಹೇಳಿದಳು, ಆದರೆ ಹೆಸರನ್ನು ಯಾರಿಗೂ ಹೇಳಲಿಲ್ಲ.

ನಾಮಕರಣಕ್ಕೆ ವಾರವಿತ್ತು. ಎಪಿ ಹೊಗೆಮೀನಿನ ಸಾರಿಗೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ಐಲಿ ಮಗುವಿಗೆ ಹಾಲು ಕೊಡುತ್ತ ಫ್ರಿಜ್ಜಿನ ಬಾಗಿಲನ್ನೇ ನೋಡುತ್ತಿದ್ದಳು. ಅಲ್ಲಿ ಎಪಿ ಆನ್‌ಳ ಮಕ್ಕಳ ಹೆಸರನ್ನು ಇಸವಿ ಸಮೇತ ಬರೆದು ಅಂಟಿಸಿದ್ದಳು. ಬೇರೆ ನೋಡಲು ಏನೂ ಇಲ್ಲದ ಬಾಣಂತಿ ಅದನ್ನು ನೂರು ಸಲ ಓದಿದ್ದಳು.

“ಅತ್ತೆ, ಮದುವೆ ಸಾವಿರದ ಎಂಟುನೂರ ಹದಿನಾಲ್ಕನೇ ಇಸವೀಲಿ. ಹೆಲೆನ್ ಹುಟ್ಟಿದ್ದು ಹದಿನೇಳರಲ್ಲಿ. ಆಮೇಲೆ ಜೇಮ್ಸ್ ಹತ್ತೊಂಬತ್ತು, ಗ್ರಿಜೆಲ್ ಇಪ್ಪತ್ತೊಂದು. ಎಲ್ರೂ ಎರಡೆರಡು ವರ್ಷಕ್ಕೆ. ಮೊದಲ ಮೂರು ವರ್ಷ ಮಾತ್ರ ಯಾಕೆ ಖಾಲಿ?”

“ಯುದ್ಧದ ಕಾಲ ಕಣೇ. ಗಂಡನ್ನ ಯುದ್ಧದ ಹಡಗಿಗೆ ಎಳ್ಕೊಂಡು ಹೋಗಿದ್ರೇನೋ.”

“ಏನೋ ಅಂದ್ರೆ? ನೋಡಿದೀರಾ?”

ಎಪಿ ಚಾಕು ಕೆಳಗಿಟ್ಟಳು. ನೋಡಿರಲಿಲ್ಲ.

“ಒಂದು ಮಗು ಆಗಿ...” ಐಲಿ ತನ್ನ ಮಗುವಿನ ಟೋಪಿಯನ್ನು ಕಿವಿಯ ಮೇಲೆ ಎಳೆದಳು, ಅಡುಗೆಮನೆ ಬೆಚ್ಚಗೇ ಇದ್ದರೂ.

ಎಪಿ ಅವತ್ತು ಸಾರಿಗೆ ಉಪ್ಪು ಹಾಕಲು ಮರೆತಳು. ಮನಸ್ಸಿನಲ್ಲಿ ಹಳೆಯ ಮುಳ್ಳೊಂದು ಮತ್ತೆ ಚುಚ್ಚತೊಡಗಿತ್ತು: ಆ ಗ್ರಿಜೆಲ್. ಎರಡನೆಯ ಹೆಣ್ಣಾದ್ದರಿಂದ ಅದು ಅಲೆಕ್ಸಾಂಡರನ ತಾಯಿಯ ಹೆಸರಾಗಬೇಕಿತ್ತು, ಆದರೆ ಅವನ ಕಡೆಯಲ್ಲಿ ಆ ಹೆಸರಿನವಳು ಎಲ್ಲೂ ಸಿಕ್ಕಿರಲಿಲ್ಲ. ಯಾರೋ ಜಮೀನ್ದಾರನ ಹೆಂಡತಿಯ ಮೇಲಿನ ಗೌರವಕ್ಕೆ ಇಟ್ಟಿರಬೇಕೆಂದು ಎಪಿ ಅದನ್ನು ಪಕ್ಕಕ್ಕೆ ಸರಿಸಿದ್ದಳು. ಆದರೆ ಆ ಜನರಲ್ಲಿ ಇನ್ನೊಂದು ರೂಢಿ ಇತ್ತಲ್ಲ. ಮಗು ಸತ್ತರೆ ಅದರ ಹೆಸರನ್ನು ಸಾಯಗೊಡುತ್ತಿರಲಿಲ್ಲ. ಮುಂದಿನ ಮಗುವಿಗೆ ಅದನ್ನೇ ಇಡುತ್ತಿದ್ದರು. ಹೆಲೆನ್‌ಗಿಂತ ಮುಂಚೆ ಒಬ್ಬಳು ಗ್ರಿಜೆಲ್ ಹುಟ್ಟಿ, ಹೆಲೆನ್ ಬಂದ ಮೇಲೆ ತೀರಿಕೊಂಡಿದ್ದರೆ? ಆಗ ಹೆಲೆನ್ ಎರಡನೆಯವಳು. ಎರಡನೆಯವಳ ಹೆಸರು ಅಪ್ಪನ ಅಮ್ಮನದು.

ಮಾರನೆಯ ದಿನ ಬಿಸಿಲಿತ್ತು. ಎಪಿ ಕನ್ನಡಿ ತೆಗೆದುಕೊಂಡು ಹೆಲೆನ್‌ಳ ಕಲ್ಲಿನ ಮುಂದೆ ನಿಂತಳು. ಜೇಮ್ಸ್ ಸ್ಲೇಟರನ ಹೆಂಡತಿ. ಅಲೆಕ್ಸಾಂಡರನ ಮೊದಲ ಮಗನ ಹೆಸರೂ ಜೇಮ್ಸ್, ಅಂದರೆ ಅಲೆಕ್ಸಾಂಡರನ ಅಪ್ಪನೂ ಜೇಮ್ಸ್. ಕಣ್ಣೆದುರಿಗೇ ಇತ್ತು. ಊರ ತುಂಬ ಜೇಮ್ಸ್ ಸ್ಲೇಟರ್‌ಗಳೇ ಇರುವಾಗ ಆನ್‌ಳ ಅಪ್ಪನೂ ಒಬ್ಬ ಜೇಮ್ಸ್ ಇರಬಾರದೇಕೆ ಎಂದು ಎಪಿ ಅದಕ್ಕೆ ಬೆಲೆಯನ್ನೇ ಕೊಟ್ಟಿರಲಿಲ್ಲ. ಇವಳು ಅಲೆಕ್ಸಾಂಡರನ ತಾಯಿ. ಬುಟ್ಟಿ ಮುದುಕಿಯ ಬೀಗಿತ್ತಿ!

“ಇಷ್ಟು ವರ್ಷ ನನ್ನ ಹತ್ರ ಹೂವು ತಗೊಂಡು ಒಂದು ಮಾತು ಹೇಳ್ಬಾರ್ದಿತ್ತೇ ನೀನು?” ಎಂದು ಎಪಿ ಕಲ್ಲಿಗೆ ಗದರಿದಳು.

ಬೇಲಿಯಾಚೆ ಡಾಡ್ ನಾಯಿ ಹಿಡಿದುಕೊಂಡು ಹೋಗುತ್ತಿದ್ದ. “ಏನೇ ಬೋ, ಸತ್ತೋರ ಜೊತೇನೂ ಜಗಳ ಶುರುವಾಯ್ತಾ? ಬದುಕಿರೋರು ಸಾಲ್ದೇ ಹೋದ್ವಾ?”

“ನಿನ್ನ ಸರದಿ ಬಂದಾಗ ಇಲ್ಲೇ ಬಂದು ಬೈತೀನಿ, ಹೋಗೋ ಪಮ್.”

ಒಂದು ಅನುಮಾನ ಉಳಿದಿತ್ತು. ಮೊದಲ ಮಗು ಹುಟ್ಟಿದ್ದರೆ ಊರಿನ ರಿಜಿಸ್ಟರಿನಲ್ಲಿ ಯಾಕಿಲ್ಲ? ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕನ್ನಡಕ ಏರಿಸಿ ಕೂತಾಗ ಎಪಿಗೆ ಅಮ್ಮನ ಬೆರಳುಗಳು ನೆನಪಾದವು. ಬೇಸಿಗೆ ಬಂತೆಂದರೆ ಅಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೆರಿಂಗ್ ಮೀನು ಸೀಳಲು ಕೊಲ್ಲಿಯ ಆಚೆಗೆ, ವಿಕ್ ಬಂದರಿಗೆ ಹೊರಡುತ್ತಿದ್ದಳು. ಅಜ್ಜಿಯೂ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಹುಟ್ಟಿದ ಮಗು ಮೀನು ಇದ್ದ ಕಡೆ ಹುಟ್ಟುತ್ತದೆ, ಮನೆ ಇದ್ದ ಕಡೆಯಲ್ಲ! ಎಪಿ ವಿಕ್ ಚರ್ಚಿನ ಪುಟಗಳನ್ನು ತೆರೆದಳು. ಹದಿನೈದನೇ ಇಸವಿ, ಆಗಸ್ಟ್. ಪೋರ್ಟ್‌ಗ್ಯಾರಿಯ ಬೆಸ್ತ ಅಲೆಕ್ಸಾಂಡರ್ ಸ್ಲೇಟರ್, ಆತನ ಹೆಂಡತಿ ಆನ್ ಸ್ಲೇಟರ್, ಮಗಳು ಗ್ರಿಜೆಲ್.

ಮೊದಲ ಮಗಳು. ಅಮ್ಮನ ಅಮ್ಮನ ಹೆಸರು.

“ಗ್ರಿಜೆಲ್” ಎಂದಳು ಎಪಿ, ಮೆಲ್ಲಗೆ. ಪಕ್ಕದಲ್ಲಿ ಪೇಪರು ಓದುತ್ತಿದ್ದವರು ತಲೆಯೆತ್ತಿದರು. ಎಪಿಯ ಕಣ್ಣು ತುಂಬಿತ್ತು, ಆದರೆ ಅದರ ಹಿಂದೆಯೇ ಒಂದು ಕಳವಳವೂ ಬಂತು. ಅಯ್ಯೋ, ಎಂಥ ಹೆಸರು! ಗರಗಸದಿಂದ ಮರ ಕೊಯ್ದ ಹಾಗೆ. ಹೆಲೆನ್ ಎಂದು ನಿಶ್ಚಯವಾದಾಗಿನಿಂದ ಐಲಿ ಆ ಒಂದು ವಿಷಯದಲ್ಲಾದರೂ ನೆಮ್ಮದಿಯಾಗಿದ್ದಳು. ಹೇಳದಿದ್ದರೆ ಏನಾಗುತ್ತದೆ? ಹೆಲೆನ್ ಕೂಡ ನಮ್ಮವಳೇ ತಾನೆ? ಬಸ್ಸಿನಲ್ಲಿ ಮನೆಗೆ ಬರುವವರೆಗೂ ಎಪಿ ಹೇಳಬಾರದೆಂದೇ ತೀರ್ಮಾನಿಸಿದ್ದಳು. ಬಾಗಿಲು ತೆರೆದ ಐಲಿ ಅವಳ ಮುಖ ನೋಡಿ, “ಮಗು ಇತ್ತು ಅಲ್ವಾ ಅತ್ತೆ?” ಎಂದಳು. ಎಪಿ ಕೋಟನ್ನೂ ತೆಗೆಯದೆ ಎಲ್ಲವನ್ನೂ ಹೇಳಿದಳು.

ಗ್ರೆಗರ್ ಅವತ್ತು ಮನೆಯಲ್ಲಿದ್ದ. ಅವನಿಗೆ ನಗು ತಡೆಯಲಾಗಲಿಲ್ಲ. “ಗ್ರಿಜೆಲ್ಲಾ? ಅಮ್ಮಾ, ಸ್ಕೂಲಲ್ಲಿ ಈ ಕೂಸನ್ನ ಹುರಿದು ತಿಂತಾರೆ.”

“ಬೇಡ ಬಿಡ್ರೋ, ಹೆಲೆನ್ನೇ ಇರ್ಲಿ. ನನಗೆ ಹೆಸರು ಗೊತ್ತಾಯ್ತಲ್ಲ, ಸಾಕು” ಎಂದಳು ಎಪಿ. ಸಾಕಾಗಿರಲಿಲ್ಲ, ದನಿಯಲ್ಲೇ ಗೊತ್ತಾಗುತ್ತಿತ್ತು.

ಐಲಿ ಮಗುವಿನ ಬೆನ್ನು ತಟ್ಟಿ ತೇಗು ಬರಿಸಿದಳು. ಆಮೇಲೆ, “ಆ ಮುದುಕಿಗೆ ತೂಕದ ಯಂತ್ರ ಇರ್ಲಿಲ್ಲ ಅಲ್ವಾ ಅತ್ತೆ?” ಎಂದಳು.

“ಮೀನು ತೂಗೋದಿತ್ತೇನೋ.”

“ಥರ್ಮಾಮೀಟರೂ ಇಲ್ಲ. ಫೋನೂ ಇಲ್ಲ. ಮಗಳೇ ಇಲ್ಲ. ಬರೀ ಬುಟ್ಟಿ.” ಐಲಿ ಮಗುವಿನ ನೆತ್ತಿ ಮೂಸಿದಳು. “ಭಾನುವಾರದವರೆಗೆ ಯಾರೂ ಹೆಸರು ಎತ್ಬೇಡಿ. ನಾನು ಬರೆದು ಕೊಡ್ತೀನಿ.”

ಭಾನುವಾರ ಚರ್ಚಿಗೆ ನಡೆದೇ ಹೋದರು. ಮಗುವಿನ ಮೇಲೆ ಮೂರು ಕಂಬಳಿ. ಅದರಲ್ಲಿ ಎರಡನ್ನು ಎಪಿ ದಾರಿಯಲ್ಲಿ ಸದ್ದಿಲ್ಲದೆ ತೆಗೆದಳು. ಹೆಣ್ಣುಮಗುವಾದರೆ ದಾರಿಯಲ್ಲಿ ಎದುರಾಗುವ ಮೊದಲ ಗಂಡಸಿಗೆ ಬಿಸ್ಕತ್ತಿನ ಪೊಟ್ಟಣ ಕೊಡಬೇಕು, ಒಳಗೊಂದು ಬೆಳ್ಳಿ ನಾಣ್ಯವಿಡಬೇಕು. ಊರಲ್ಲಿ ನಾಮಕರಣವಿದ್ದ ಭಾನುವಾರಗಳಲ್ಲಿ ಡಾಡ್ ಬೇಕರಿಯ ಮೂಲೆಯಲ್ಲಿ ಅಕಸ್ಮಾತ್ತಾಗಿ ನಿಂತಿರುತ್ತಾನೆ.

“ಅಯ್ಯೋ, ನಾನೇ ಮೊದಲು ಸಿಕ್ಕಿದ್ನಾ!” ಎಂದು ಪೊಟ್ಟಣವನ್ನು ಆಗಲೇ ಬಿಚ್ಚುತ್ತ ಕೇಳಿದ, “ಏನಮ್ಮ ಹೆಸರು, ಕಿವೀಲಿ ಹೇಳು?”

“ಬಿಸ್ಕತ್ತು ತಿನ್ನಿ ಡಾಡ್ ಮಾವ, ಬಾಯಿಗೆ ಕೆಲಸ ಇರ್ಲಿ” ಎಂದಳು ಐಲಿ. ಎಪಿ ಸೊಸೆಯನ್ನು ತಿರುಗಿ ನೋಡಿದಳು. ಹುಡುಗಿ ಊರಿನವಳಾಗಿಬಿಟ್ಟಿದ್ದಾಳೆ!

ಪಾದ್ರಿ ಐಲಿ ಕೊಟ್ಟ ಚೀಟಿಯನ್ನು ಬಿಡಿಸಿ ಒಮ್ಮೆ ನೋಡಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ಎಪಿ ಮುಂದಿನ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

“ಗ್ರಿಜೆಲ್ ಹೆಲೆನ್” ಎಂದರು ಪಾದ್ರಿ, ಮಗುವಿನ ಹಣೆಗೆ ನೀರು ಹಾಕುತ್ತ.

ಹಿಂದಿನ ಬೆಂಚಿನಿಂದ ಡಾಡ್‌ನ ಪಿಸುಮಾತು ಇಡೀ ಚರ್ಚಿಗೆ ಕೇಳಿಸಿತು: “ನಮ್ಮಜ್ಜನ ದೋಣಿ ಹೆಸರಲ್ವೇ ಅದು! ಸೋರ್ತಿತ್ತು, ಆದ್ರೆ ಮುಳುಗ್ಲಿಲ್ಲ.” ಎಪಿ ನಗುತ್ತಿದ್ದಳೋ ಅಳುತ್ತಿದ್ದಳೋ, ಪಕ್ಕದಲ್ಲಿದ್ದ ಗ್ರೆಗರ್‌ಗೆ ತಿಳಿಯಲಿಲ್ಲ, ಕರವಸ್ತ್ರ ಕೊಟ್ಟ.

“ಹೆಲೆನ್ ಅಂತ ಹಿಂದೆ ಇಟ್ಟಿದೀನಿ ಅತ್ತೆ” ಎಂದಳು ಐಲಿ ಹೊರಗೆ ಬಂದ ಮೇಲೆ, ಆಗಲೇ ಮುಂದಿನ ಚಿಂತೆ ಶುರುವಾಗಿ. “ಸ್ಕೂಲಲ್ಲಿ ತೀರಾ ಕಾಟ ಕೊಟ್ರೆ ಬೇಕಾಗುತ್ತೆ.”

ಮಧ್ಯಾಹ್ನ ಎಪಿಯ ಮನೆಯಲ್ಲಿ ಚಹಾ, ಕೇಕು. ಬಂದವರೆಲ್ಲ ಮಗುವಿನ ಮುಷ್ಟಿಗೆ ಬೆಳ್ಳಿ ನಾಣ್ಯ ತುರುಕಿದರು, ಐಲಿ ಹಿಂದೆಯೇ ಆ ಮುಷ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಆಮೇಲೆ ಅವಳು ಸೋಫಾದಲ್ಲಿ ಕೂತಲ್ಲೇ ನಿದ್ದೆಹೋದಳು. ಫೋನು ಕುಂಯ್ ಎಂದಾಗ ಎಪಿ ಅದನ್ನು ದಿಂಬಿನ ಕೆಳಗೆ ಸೇರಿಸಿದಳು. ಅಷ್ಟರಲ್ಲಿ ಅಂಗಳದ ತಳ್ಳುಗಾಡಿಯಲ್ಲಿದ್ದ ಮಗು ಬಂದರಿಗೆಲ್ಲ ಕೇಳುವಂತೆ ಕಿರುಚತೊಡಗಿತು.

ಎಪಿ ಕೋಟು ಹಾಕಿಕೊಂಡು ಬಾಗಿಲಿಗೆ ಬಂದಳು. ಎದುರು ಸಾಲಿನಲ್ಲಿ ಡಾಡ್ ಇನ್ನೂ ಬಿಸ್ಕತ್ತು ಜಗಿಯುತ್ತಿದ್ದ.

“ಬಂದೆ ಗ್ರಿಜ್ಜೀ, ಬಂದೆ! ಏನವಸರ ನಿಂಗೆ? ಬುಟ್ಟಿ ಹೊತ್ಕೊಂಡು ಹೊರಡೋದಿದ್ಯೇನೇ?”

ಕೋಟನ್ನು ಕಳಚಿ ಬೇಲಿಯ ಮೇಲೆ ಹಾಕಿ, ಎಪಿ ಮಗುವನ್ನು ಎತ್ತಿಕೊಂಡಳು.