ಡಬ್ಬಿಯ ಸಕ್ಕರೆಯ ಮೇಲೆ ಅಂಗೈ ಗುರುತು

ಬೆಳಿಗ್ಗೆ ಎದ್ದು ಬೆರಳು ಚುಚ್ಚಿ, ಸಕ್ಕರೆ ಅಳೆಯುವ ಮಿಷನ್ನಿನ ಪಟ್ಟಿಗೆ ರಕ್ತ ತಾಗಿಸಿದರೆ ನೂರ ಎಂಬತ್ತು. ಹಿಂದಿನ ರಾತ್ರಿ ಮಲಗುವ ಮುಂಚೆ ನೋಡಿದಾಗ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತಿತ್ತು. ನಡುವೆ ನಾನು ಮಾಡಿದ್ದು ನಿದ್ದೆ ಒಂದೇ. ನಿದ್ದೆ ಮಾಡಿದವಳ ಮೈಯಲ್ಲಿ ಸಕ್ಕರೆ ಹೇಗೆ ಏರಿತು ಎಂದು ನಮ್ಮ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಹತ್ತಿರ ಉತ್ತರ ತಯಾರಿತ್ತು. ಇವಳು ಕದ್ದು ತಿನ್ನುತ್ತಾಳೆ.

ನನ್ನ ತವರು ಶಿಕಾರಿಪುರ, ಕೊಟ್ಟಿದ್ದು ಸೊರಬಕ್ಕೆ. ಗಂಡನಿಗೆ ಭತ್ತದ ವ್ಯಾಪಾರ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಕಾಫಿಗೆ ಸಕ್ಕರೆ ಬಿಟ್ಟೆ, ಬಾಳೆಹಣ್ಣು ಬಿಟ್ಟೆ. ಹಬ್ಬದ ದಿನ ಇಡೀ ಮನೆಗೆ ಹೋಳಿಗೆ ಬೇಯಿಸಿ, ಕೈಯಾರೆ ತುಪ್ಪ ಬಡಿಸಿ, ನಾನು ಮಾತ್ರ ಪಲ್ಯ ಮಜ್ಜಿಗೆಯಲ್ಲಿ ಊಟ ಮುಗಿಸಿ ಎದ್ದೆ. ಇಷ್ಟು ಬಾಯಿ ಕಟ್ಟಿದವಳನ್ನು ಕಳ್ಳಿ ಅಂದರೆ ಮೈ ಉರಿಯುವುದಿಲ್ಲವೇ?

ಮಾತ್ರೆಗೆ ಬಗ್ಗದ್ದು ಒಪ್ಪತ್ತಿಗೆ ಬಗ್ಗುತ್ತದೆ ಎಂದು ಅತ್ತೆ ತೀರ್ಮಾನ ಮಾಡಿದರು. ನಮ್ಮದು ಶಿವನಿಗೆ ನಡೆದುಕೊಳ್ಳುವ ಮನೆ. ಸೋಮವಾರ ಮಧ್ಯಾಹ್ನ ಒಂದು ಹೊತ್ತು ಉಂಡು ರಾತ್ರಿ ಬರೀ ನೀರು ಕುಡಿದು ಮಲಗುವುದು ಹಿಂದಿನಿಂದ ನಡೆದು ಬಂದದ್ದು. ಅದನ್ನೇ ನನಗೆ ದಿನಾ ಹಚ್ಚಿದರು.

"ರಾತ್ರಿ ಉಂಡ್ರೆ ತಾನೇ ಬೆಳಿಗ್ಗೆ ಏರೋದು? ಉಣ್ಣೋದೇ ಬೇಡ ಮಾರಾಯ್ತಿ," ಅಂದರು.

ನಾನು ಗಂಡನ ಮುಖ ನೋಡಿದೆ. "ಅಮ್ಮ ಹೇಳಿದ್ರಲ್ಲಿ ಎಂತ ತಪ್ಪು?" ಎಂದು ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಮಲಗುತ್ತಿದ್ದೆ. ಕೈ ನಡುಗುತ್ತಿತ್ತು, ಬೆವರು ಬರುತ್ತಿತ್ತು. ಹೋಗಲಿ, ಬೆಳಿಗ್ಗೆ ಅಂಕಿ ಇಳಿದರೆ ಸಾಕು ಎಂದು ಸಹಿಸಿದೆ. ಅದು ಇಳಿಯಲಿಲ್ಲ, ಇನ್ನೂರು ದಾಟಿತು.

"ಒಪ್ಪತ್ತು ಇದ್ದೋಳಿಗೆ ಸಕ್ಕರೆ ಎಲ್ಲಿಂದ ಬಂತು? ದೇವರ ಹೆಸರು ಹೇಳ್ಕೊಂಡು ಕದ್ದು ತಿಂದ್ರೆ ಒಳ್ಳೇದಾಗ್ತದಾ?" ಅಂದರು ಅತ್ತೆ. ಅಲ್ಲಿಯ ತನಕ ನಾನು ಬರೀ ಬಾಯಿಚಪಲದವಳು. ಅವತ್ತಿನಿಂದ ದೇವರಿಗೇ ಮೋಸ ಮಾಡಿದವಳಾದೆ. ಮದುವೆಯಾಗಿ ಬಂದಾಗಿನಿಂದ ಸೋಮವಾರದ ನೈವೇದ್ಯಕ್ಕೆ ಪಾಯಸ ಕಾಯಿಸುತ್ತಿದ್ದುದು ನಾನು. ಆ ವಾರ ಪಾತ್ರೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಒಲೆಯ ಮುಂದೆ ಬರಿಗೈಯಲ್ಲಿ ನಿಂತದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಹಿಂದೆ ಕಣದಲ್ಲಿ ಭತ್ತದ ರಾಶಿ ಹಾಕಿದಾಗ, ಯಾರೂ ಮುಟ್ಟಬಾರದೆಂದು ರಾಶಿಯ ಮೇಲೆ ಬೂದಿಯ ಗುರುತು ಹಾಕುತ್ತಿದ್ದರು. ಗುರುತು ಕೆಟ್ಟರೆ ಕಳವಾಗಿದೆ ಎಂದು ಲೆಕ್ಕ. ಅತ್ತೆ ಆ ವಿದ್ಯೆಯನ್ನು ಅಡುಗೆಮನೆಗೆ ತಂದರು. ಡಬ್ಬಿಯಲ್ಲಿದ್ದ ಸಕ್ಕರೆಯನ್ನು ಸಮ ಮಾಡಿ, ಅದರ ಮೇಲೆ ತಮ್ಮ ಅಂಗೈ ಒತ್ತಿ ಮುಚ್ಚಳ ಹಾಕಿದರು. ಐದೂ ಬೆರಳು ಚೆನ್ನಾಗಿ ಮೂಡಿದ್ದವು. ನಾನು ನೋಡಲಿ ಎಂದೇ ನನ್ನ ಮುಂದೆ ಒತ್ತಿದ್ದು. ತಾವು ಸಕ್ಕರೆ ತೆಗೆದಾಗಲೆಲ್ಲ ಮತ್ತೆ ಒತ್ತುತ್ತಿದ್ದರು.

ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಗುರುತು ಕೆಟ್ಟಿತ್ತು. ಅತ್ತೆ ಡಬ್ಬಿಯನ್ನು ನನ್ನ ಮೂಗಿನ ಕೆಳಗೆ ಹಿಡಿದರು. ನನ್ನ ಮಿಷನ್ನು ಬೇರೆ ಅದೇ ಹೊತ್ತಿಗೆ ಇನ್ನೂರ ಹತ್ತು ತೋರಿಸಿತು. ಗಂಡ ಅಲ್ಲೇ ಕೂತು ಮೊಬೈಲ್ ನೋಡುತ್ತಿದ್ದರು, ಕತ್ತು ಎತ್ತಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ನೆತ್ತಿಗೇರಿತು.

"ಇಬ್ಬರೂ ಹೊರಡ್ರಿ," ಅಂದೆ. "ನಮ್ಮೂರಲ್ಲಿ ಡಾಕ್ಟರಮ್ಮ ಅದಾರ. ನಾನು ಕಳ್ಳಿ ಹೌದೋ ಅಲ್ವೋ ಅವರ ಮುಂದೇ ಕೇಳೋಣ."

ಸಿಟ್ಟು ಬಂದಾಗ ನನ್ನ ಬಾಯಿಗೆ ಶಿಕಾರಿಪುರದ ಮಾತು ಬರುತ್ತದೆ. ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸನ್ನು ಮೂವರೂ ಹತ್ತಿದೆವು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಮೊದಲು ಕೂಗಾಡಿದ್ದು ಊಟದ ಬಗ್ಗೆ. "ಯಾರ್ರೀ ಇವರಿಗೆ ರಾತ್ರಿ ಊಟ ಬಿಡ್ಸಿದ್ದು? ಈ ಮಾತ್ರೆ ನುಂಗಿ ಉಪಾಸ ಮಲಗಿದ್ರೆ ಸಕ್ಕರೆ ಪೂರಾ ಇಳಿದು ಎಚ್ಚರ ತಪ್ತಿತ್ತು!" ಆಮೇಲೆ ಅತ್ತೆಯ ಕಡೆ ತಿರುಗಿ ನಿಧಾನವಾಗಿ ಹೇಳಿದರು. "ಅಜ್ಜಿ, ಬೆಳಗಿನ ಜಾವ ಮೈ ಏಳೋಕೆ ತಯಾರಾಗ್ತದ. ಆವಾಗ ಲಿವರ್ರು ತಾನು ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬಿಡ್ತದ. ನಮಗೆ ನಿಮಗೆ ಅದು ತಾನಾಗೇ ಹತೋಟಿಗೆ ಬರ್ತದ, ಈ ಕಾಯಿಲೆ ಇದ್ದೋರಿಗೆ ಬರಂಗಿಲ್ಲ. ಹಸಿದು ಮಲಗಿದ್ರೂ ಬಿಡ್ತದ. ಒಂದು ಕಾಳು ತಿನ್ನದೇ ಇದ್ರೂ ಬೆಳಿಗ್ಗೆ ಏರ್ತದ."

ಮಾತ್ರೆ ಬದಲಾಯಿಸಿದರು. ರಾತ್ರಿ ಬೇಗ ಉಣ್ಣಬೇಕು, ಒಂದು ಜೋಳದ ರೊಟ್ಟಿ, ಕಾಳು ಪಲ್ಯ, ಉಂಡ ಮೇಲೆ ಸ್ವಲ್ಪ ಓಡಾಟ ಎಂದರು. ಅತ್ತೆ ಸೆರಗಿನ ತುದಿ ತಿರುವುತ್ತಾ ಕೂತಿದ್ದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಹೊರಡಲಿಲ್ಲ. ಬಸ್ಸು ಸೊರಬ ಮುಟ್ಟುವ ತನಕ ನಾನು ಕಾದೆ.

ಸಂಜೆ ಅತ್ತೆ ಸಕ್ಕರೆ ಡಬ್ಬಿ ತಂದು ನನ್ನ ಮುಂದೆ ಇಟ್ಟರು. "ನಾಡಿದ್ದು ಸೋಮವಾರ. ಪಾಯಸ ನೀನೇ ಮಾಡು," ಅಂದರು. ಅಷ್ಟೇ.

ಗಂಡನಿಗೆ ಮನೆ ತಣ್ಣಗಾಯಿತು ಎನ್ನಿಸಿರಬೇಕು, ನಕ್ಕರು. "ಬೆಳಿಗ್ಗೆ ಡಬ್ಬಿಯಿಂದ ಸಕ್ಕರೆ ತೆಗ್ದಿದ್ದು ನಾನು. ಕಾಫಿಗೆ ಸಪ್ಪೆ ಆಗಿತ್ತು. ಅಷ್ಟಕ್ಕೇ ಊರೆಲ್ಲ ತಿರುಗಿಸಿದ್ಯಲ್ಲ!"

ಅತ್ತೆ ಮಗನನ್ನು ಬೈಯಲಿಲ್ಲ. ಮಗ ತೆಗೆದಿದ್ದಕ್ಕೆ ಕಳವು ಎಂಬ ಹೆಸರೇ ಇಲ್ಲವಲ್ಲ! ಅವರಿಬ್ಬರ ಮೇಲೂ ಆಗ ಬಂದ ಸಿಟ್ಟಿಗೆ ಕಿರುಚಬೇಕಾಗಿತ್ತು. ಕಿರುಚಲಿಲ್ಲ. ಡಬ್ಬಿ ಎಳೆದುಕೊಂಡು ಸಕ್ಕರೆ ಸಮ ಮಾಡಿದೆ, ನನ್ನ ಅಂಗೈಯನ್ನು ಬಲವಾಗಿ ಒತ್ತಿ, ಮುಚ್ಚಳ ಹಾಕದೆ ಗಂಡನ ಮುಂದೆ ಇಟ್ಟೆ.

"ಅತ್ತೆ, ಬೇರೆ ಸಕ್ಕರೆ ತರಿಸಿ ಪಾಯಸ ಇವರ ಕೈಲಿ ಮಾಡಿಸ್ರಿ," ಅಂದೆ. "ನಾನು ಕದ್ದಿಲ್ಲ ಅಂತ ನಿಮ್ಮ ಬಾಯಲ್ಲಿ ಬರೋ ತನಕ ಈ ಗುರುತು ಹೀಗೇ ಇರ್ಲಿ."

ಆಮೇಲೆ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತೆ. ಮನೆಯಲ್ಲಿ ಇನ್ನೂ ಯಾರೂ ಉಂಡಿರಲಿಲ್ಲ.