ನಲವತ್ತು ನಂಬರುಗಳ ಕೈಪಿಡಿ

ಆಟಿಸಂ ಇರುವ ಮಗುವಿನ ತಾಯಿಗೆ ಎಷ್ಟು ಫೋನ್ ನಂಬರು ಕೊಟ್ಟರೆ ನಿಮ್ಮ ಆತ್ಮಸಾಕ್ಷಿಗೆ ನೆಮ್ಮದಿಯಾಗುತ್ತದೆ? ನಮ್ಮ ಸಂಘಕ್ಕೆ ನಲವತ್ತು ಸಾಕಾಯಿತು. ಯಲಹಂಕದಲ್ಲಿ ನೆರವಿನ ಕೈಪಿಡಿ ಬಿಡುಗಡೆ ಮಾಡಿ, "ಇನ್ನು ಯಾವ ತಾಯಿಯೂ ಒಂಟಿಯಲ್ಲ" ಎಂದು ಕಾಲೇಜಿನ ಚರ್ಚಾಸ್ಪರ್ಧೆಯ ಗತ್ತಿನಲ್ಲಿ ಘೋಷಿಸಿ, ನಾನು ಶಾಲನ್ನೂ ಹೊದಿಸಿಕೊಂಡೆ. ವಾರದ ಬಳಿಕ ಬ್ಯಾಟರಾಯನಪುರದ ತಾಯಿಯೊಬ್ಬರು ಐದು ವರ್ಷದ ಮಗಳಿಗೆ ಮಾತಿನ ತರಬೇತಿ ಹುಡುಕುತ್ತ ನಮ್ಮ ಕಚೇರಿಗೆ ಬಂದರು.

"ಎಲ್ಲಾ ನಂಬರ್‌ಗೂ ಮಾಡ್ದೆ ಸಾರ್. ಒಬ್ರು ಇನ್ನೊಬ್ರ ನಂಬರ್ ಕೊಟ್ರು. ಕೊನೇಲಿದ್ದೋರು ನಿಮ್ದೇ ಕೊಟ್ರು."

"ನಾವು ಮಾಹಿತಿ ಮಾತ್ರ ಕೊಡ್ತೀವಮ್ಮ," ಎಂದೆ.

"ಅವ್ರೂ ಅದನ್ನೇ ಅಂದ್ರು. ಹಂಗಾದ್ರೆ ಕಲಿಸೋರ್ಯಾರು ಸಾರ್?"

ಮಗುವಿಗೆ ಕಲಿಸುವವರು ಇಂದಿಗೂ ಸಿಕ್ಕಿಲ್ಲ. ಮಾತಿನ ತರಬೇತಿ ಬಲ್ಲವರು ದಯವಿಟ್ಟು ವಾರಕ್ಕೊಂದು ಗಂಟೆಯನ್ನು ಆ ಮಗುವಿಗೆ ಕೊಡಿ.